ಸಂವಾದದ ಜಾಡು: ಶೂನ್ಯಸಂಪಾದನೆಗಳಲ್ಲಿ ಹಿಂದಿನ ಚರ್ಚೆಗಳನ್ನು ಹುಡುಕುವ ಬಗೆ

ನಡೆದುಹೋದ ಚರ್ಚೆಯೊಂದನ್ನು ಮರಳಿ ಕಂಡುಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಗ್ರಂಥಪಾಲಕರಿಗೆ ಸೇರಿದ್ದೆಂದು ತೋರುತ್ತದೆ. ಆದರೆ ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು, ಅದರಲ್ಲಿಯೂ ವಚನಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೆ ಇದು ವಿಮರ್ಶೆಯ ಮೂಲಭೂತ ಪ್ರಶ್ನೆ. ವಚನಗಳು ಬಹುಮಟ್ಟಿಗೆ ಮಾತುಗಳು. ಯಾರೋ ಕೇಳಿದ್ದಕ್ಕೆ ಕೊಟ್ಟ ಉತ್ತರಗಳು, ಯಾರೋ ಆಡಿದ್ದಕ್ಕೆ ಎತ್ತಿದ ಆಕ್ಷೇಪಗಳು. ಉತ್ತರಗಳು ನಮಗೆ ಉಳಿದು ಬಂದಿವೆ. ಪ್ರಶ್ನೆಗಳು ಉಳಿದಿವೆಯೆ? ಉಳಿದಿದ್ದರೆ ಅವನ್ನು ಉಳಿಸಿದವರು ಯಾರು? ಈ ಎರಡು ಅಂಶಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ವಿಚಾರಕ್ಕೆ ನನ್ನನ್ನು ಮರಳಿ ಎಳೆದುತಂದದ್ದು ನನ್ನದೇ ಒಂದು ತಪ್ಪು. ಡಾಕ್ಟರೇಟ್ ಪದವಿಗಾಗಿ ನಾನು ಸಿದ್ಧಪಡಿಸಿದ ಪ್ರಬಂಧದಲ್ಲಿ, ಅಕ್ಕಮಹಾದೇವಿಯು ಕಲ್ಯಾಣದಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಒಂದು ವಚನವನ್ನು ಉದ್ಧರಿಸಿ, ಅದರ ಆಧಾರದ ಮೇಲೆ ಶರಣರ ಸಭೆಯ ನಡವಳಿಕೆಯನ್ನು ಕುರಿತು ಕೆಲವು ತೀರ್ಮಾನಗಳನ್ನು ಮಾಡಿದ್ದೆ. ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಪರೀಕ್ಷಕರೊಬ್ಬರು, ‘ಇದು ಯಾರ ಮಾತು?’ ಎಂದು ಕೇಳಿದರು. ‘ಅಕ್ಕನ ವಚನ’ ಎಂದೆ. ‘ನಾನು ಕೇಳಿದ್ದು ಉತ್ತರವನ್ನಲ್ಲ, ಪ್ರಶ್ನೆಯನ್ನು’ ಎಂದು ಹೇಳಿ ಅವರು ಮುಂದಿನ ಅಧ್ಯಾಯಕ್ಕೆ ಹೋದರು. ಆ ಮಾತಿನ ತೂಕ ಅಂದು ನನಗೆ ತಿಳಿಯಲಿಲ್ಲ. ಪ್ರಬಂಧ ಹಾಗೆಯೇ ಅಚ್ಚಾಯಿತು. ಈಚೆಗೆ ಹೈದರಾಬಾದಿನಲ್ಲಿ ನನ್ನ ಬಳಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬರು ಎರಡು ಲೇಖನಗಳನ್ನು ತಂದು ಮುಂದಿಟ್ಟರು. ಎರಡರಲ್ಲಿಯೂ ಅದೇ ಸಂವಾದ ಚಾರಿತ್ರಿಕ ಘಟನೆಯೆಂದು ನಿರೂಪಿತವಾಗಿತ್ತು. ಎರಡರಲ್ಲಿಯೂ ಆಧಾರವಾಗಿ ಸೂಚಿತವಾಗಿದ್ದುದು ನನ್ನ ಪುಸ್ತಕ. ‘ಸರ್, ನಿಮಗೆ ಆಧಾರ ಯಾವುದು?’ ಎಂದು ಅವರು ಕೇಳಿದರು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

1. ಸಂಗ್ರಹದ ಮೂರು ಕ್ರಮಗಳು

ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಇಂದು ನಮಗೆ ದೊರೆತಿರುವುದು ಬಹುಮಟ್ಟಿಗೆ ನಂತರದ ಶತಮಾನಗಳ ಓಲೆಪ್ರತಿಗಳಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಎಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ವಚನಗಳನ್ನು ಹುಡುಕಿ ಕೂಡಿಸುವ ಕೆಲಸ ವ್ಯಾಪಕವಾಗಿ ನಡೆಯಿತು. ಹಾಗೆ ಕೂಡಿಸಿದವರ ಮುಂದೆ ಇದ್ದ ಸಮಸ್ಯೆಯನ್ನು ನಾವು ಸಾಮಾನ್ಯವಾಗಿ ಭಕ್ತಿಯ ಅಥವಾ ತತ್ತ್ವದ ಸಮಸ್ಯೆಯೆಂದು ವಿವರಿಸುತ್ತೇವೆ. ಅದು ಅಷ್ಟೇ ಮಟ್ಟಿಗೆ ವ್ಯವಸ್ಥೆಯ ಸಮಸ್ಯೆಯೂ ಆಗಿತ್ತು. ಬಿಡಿಬಿಡಿಯಾಗಿ ದೊರೆತ ಸಾವಿರಾರು ಮಾತುಗಳನ್ನು ಮುಂದಿನವರು ಹುಡುಕಿ ತೆಗೆಯುವಂತೆ ಇಡುವುದು ಹೇಗೆ?

ಇದಕ್ಕೆ ಅವರು ಮೂರು ಉತ್ತರಗಳನ್ನು ಕಂಡುಕೊಂಡರು. ಮೊದಲನೆಯದು ವಚನಕಾರರನ್ನು ಅನುಸರಿಸಿದ ಸಂಗ್ರಹ. ಇಲ್ಲಿ ಅಂಕಿತವೇ ಗುರುತು. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ, ಕಪಿಲಸಿದ್ಧಮಲ್ಲಿಕಾರ್ಜುನ ಎಂದಿದ್ದರೆ ಸಿದ್ಧರಾಮ. ಎರಡನೆಯದು ವಿಷಯವನ್ನು ಅನುಸರಿಸಿದ ಸಂಗ್ರಹ. ಷಟ್ಸ್ಥಲ ಅಥವಾ ನೂರೊಂದು ಸ್ಥಲಗಳ ಚೌಕಟ್ಟಿನಲ್ಲಿ ಬೇರೆಬೇರೆ ಶರಣರ ವಚನಗಳು ಒಂದೊಂದು ಸ್ಥಲದ ಕೆಳಗೆ ಸೇರುತ್ತವೆ. ಜಕ್ಕಣಾರ್ಯನ ‘ಏಕೋತ್ತರ ಶತಸ್ಥಲ’ ಈ ಬಗೆಗೆ ಪ್ರಸಿದ್ಧ ನಿದರ್ಶನ. ಮೂರನೆಯದು ಶೂನ್ಯಸಂಪಾದನೆ. ಇಲ್ಲಿ ವಚನಗಳು ವ್ಯಕ್ತಿಯ ಹೆಸರಿನಲ್ಲಿಯೂ ಇಲ್ಲ, ಸ್ಥಲದ ಹೆಸರಿನಲ್ಲಿಯೂ ಇಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎದುರಾಗಿ ನಿಲ್ಲುವಂತೆ, ಸಂವಾದದ ಸರಣಿಯಲ್ಲಿ ಪೋಣಿಸಲ್ಪಟ್ಟಿವೆ.

ಮೊದಲ ಎರಡು ಕ್ರಮಗಳು ಯಾವ ಭಾಷೆಯ ಯಾವ ಕೋಶದಲ್ಲಿಯೂ ಕಾಣುವಂಥವು. ಮೂರನೆಯದು ಹಾಗಲ್ಲ. ಒಂದು ಮಾತನ್ನು ಕಂಡುಕೊಳ್ಳಬೇಕಾದರೆ ಅದು ಯಾವ ಮಾತಿಗೆ ಉತ್ತರ ಎಂಬುದನ್ನು ತಿಳಿದಿರಬೇಕು ಎಂಬ ಅರಿವು ಅದರ ಹಿಂದೆ ಇದೆ. ಶೂನ್ಯಸಂಪಾದನೆಯನ್ನು ನಾಟಕೀಯ ಕೃತಿಯೆಂದೂ, ತತ್ತ್ವಗ್ರಂಥವೆಂದೂ, ಚಂಪುವಿಗೆ ಸಮೀಪವಾದ ಗದ್ಯಕಾವ್ಯವೆಂದೂ ವಿಮರ್ಶಕರು ಕೊಂಡಾಡಿದ್ದಾರೆ. ಅದು ಚರ್ಚೆಗಳನ್ನು ಮರಳಿ ದೊರಕಿಸಿಕೊಳ್ಳಲು ಮಾಡಿದ ಒಂದು ಉಪಕರಣವೂ ಹೌದು ಎಂಬ ಕಡೆಗೆ ಸಾಕಷ್ಟು ಗಮನ ಹರಿದಿಲ್ಲ. ಉಪಕರಣವೆಂದು ನೋಡಿದಾಗ ಮಾತ್ರ ಅದರ ಗುಣವೂ ದೋಷವೂ ಸ್ಪಷ್ಟವಾಗುತ್ತವೆ.

2. ಸಂಪಾದಕನ ಕೈ

ಶೂನ್ಯಸಂಪಾದನೆಗಳು ನಾಲ್ಕು. ಮೊದಲನೆಯದು ಶಿವಗಣಪ್ರಸಾದಿ ಮಹಾದೇವಯ್ಯನದು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣಾರ್ಯ ಇದೇ ಕೆಲಸವನ್ನು ಮುಂದುವರಿಸಿದರು. ಡಾ. ಫ.ಗು. ಹಳಕಟ್ಟಿಯವರು 1930ರಲ್ಲಿಯೂ ಪ್ರೊ. ಸಂ.ಶಿ. ಭೂಸನೂರಮಠರು 1958ರಲ್ಲಿಯೂ ಬೆಳಕಿಗೆ ತಂದದ್ದು ಇವುಗಳಲ್ಲಿ ಕೊನೆಯದಾದ ಗೂಳೂರು ಸಿದ್ಧವೀರಣಾರ್ಯನ ಸಂಪಾದನೆ. ಬಹುಕಾಲ ಕನ್ನಡ ಓದುಗರಿಗೆ ಶೂನ್ಯಸಂಪಾದನೆ ಎಂದರೆ ಈ ನಾಲ್ಕನೆಯದೇ ಆಗಿದ್ದಿತು. ಇದರ ಪರಿಣಾಮವನ್ನು ನಾವು ಗಮನಿಸಬೇಕು: ಒಂದು ಚರ್ಚೆಯ ಕೊನೆಯ ಪರಿಷ್ಕೃತ ರೂಪವನ್ನೇ ಮೂಲಚರ್ಚೆಯೆಂದು ಓದುವ ರೂಢಿ ಬೆಳೆಯಿತು.

ನಾಲ್ಕು ಸಂಪಾದನೆಗಳೂ ಒಂದೇ ದಾಖಲೆಯ ನಾಲ್ಕು ಪ್ರತಿಗಳಾಗಿದ್ದರೆ ಇದರಿಂದ ಹಾನಿಯಿರಲಿಲ್ಲ. ಅವು ಹಾಗಿಲ್ಲ. ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಮೊದಲ ಸಂಪಾದನೆಯಲ್ಲಿ ಇಲ್ಲದ ಈ ದೀಕ್ಷೆ ಗೂಳೂರು ಸಿದ್ಧವೀರಣಾರ್ಯನಲ್ಲಿ ವಿಸ್ತಾರವಾದ ಪ್ರಸಂಗವಾಗಿ ಬಂದಿದೆ. ಸೊನ್ನಲಿಗೆಯಲ್ಲಿ ಕೆರೆಗಳನ್ನು ಕಟ್ಟಿಸಿ ಗುಡಿಗಳನ್ನು ನಿಲ್ಲಿಸಿದ ಶಿವಯೋಗಿಗೆ ಇಷ್ಟಲಿಂಗ ದೀಕ್ಷೆ ಆಗಿತ್ತೆ ಎಂಬುದು 15ನೆಯ ಶತಮಾನದ ವಿರಕ್ತರಿಗೆ ಜೀವಂತ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯ ಬಿಸಿ ಹನ್ನೆರಡನೆಯ ಶತಮಾನದ ಸಂವಾದದ ಒಳಕ್ಕೆ ಇಳಿದಿದೆ. ಹೀಗಾಗಿ ಸಂಪಾದನೆಯಲ್ಲಿ ನಮಗೆ ಸಿಗುವುದು ಒಂದು ಚರ್ಚೆಯಲ್ಲ, ಎರಡು: ಶರಣರು ತಮ್ಮತಮ್ಮಲ್ಲಿ ನಡೆಸಿದ್ದು ಒಂದು, ಶರಣರನ್ನು ಕುರಿತು ಸಂಪಾದಕರು ನಡೆಸಿದ್ದು ಇನ್ನೊಂದು.

ಇಷ್ಟಾದರೂ ಸಂಪಾದಕರನ್ನು ಕಲ್ಪಕರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ತಮ್ಮ ಕೈಯ ಗುರುತನ್ನು ಮರೆಮಾಡಿಲ್ಲ. ವಚನ ಮತ್ತು ವಚನಗಳ ನಡುವೆ ಬರುವ ಚಿಕ್ಕ ಗದ್ಯವಾಕ್ಯಗಳು, ಎಂದರೆ ಇಂಥವರು ಇಂಥ ಸಂದರ್ಭದಲ್ಲಿ ಹೀಗೆ ಕೇಳಿದರು, ಅದಕ್ಕೆ ಇಂಥವರು ಹೀಗೆ ನುಡಿದರು ಎಂಬ ಸಂಯೋಜಕ ವಾಕ್ಯಗಳು, ಅವರವು. ಅವಕ್ಕೆ ಅಂಕಿತವಿಲ್ಲ. ಅಂಕಿತವಿರುವುದು ಶರಣರದು, ಇಲ್ಲದ್ದು ಸಂಪಾದಕರದು ಎಂಬ ಈ ಭೇದ ಓದುಗನ ಕಣ್ಣಿಗೆ ಕಾಣುವಂತೆಯೇ ಇದೆ. ಅದನ್ನು ಕಾಣದೆ ಹೋದದ್ದು ನಮ್ಮಂಥ ಓದುಗರ ತಪ್ಪು.

3. ಅಕ್ಕ ಮತ್ತು ಅಲ್ಲಮ

ನನ್ನ ಪ್ರಬಂಧದ ಪ್ರಸಂಗಕ್ಕೆ ಬರುತ್ತೇನೆ. ಸಂಪಾದನೆಯ ಪ್ರಕಾರ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮನು ಆಕೆಯನ್ನು ಬಗೆಬಗೆಯಾಗಿ ಪರೀಕ್ಷಿಸುತ್ತಾನೆ. ಸೀರೆಯನ್ನು ತೊರೆದ ಮೇಲೆ ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡದ್ದೇಕೆ ಎಂಬುದು ಆ ಪ್ರಶ್ನೆಗಳಲ್ಲೊಂದು. ಅದಕ್ಕೆ ಅಕ್ಕನ ಉತ್ತರವಾಗಿ ಬರುವ ವಚನದಲ್ಲಿ ಒಳಗೆ ಪಕ್ವವಾಗುವ ಹಣ್ಣಿನ ಮತ್ತು ಹೊರಗಿನ ಸಿಪ್ಪೆಯ ಉಪಮೆಯಿದೆ. ತಾನು ಮೈಮುಚ್ಚಿಕೊಂಡದ್ದು ನೋಡುವವರಿಗೆ ನೋವಾದೀತೆಂಬ ಭಾವದಿಂದ ಎಂಬ ವಿವರಣೆಯಿದೆ. ಕನ್ನಡದ ಅತ್ಯಂತ ಧೀರವಾದ ಮಾತುಗಳಲ್ಲಿ ಇದೊಂದು ಎಂಬುದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ.

ಆದರೆ ವಚನವನ್ನು ಮಾತ್ರ ಮುಂದಿಟ್ಟುಕೊಂಡು ಅದು ಯಾರಿಗೆ ಹೇಳಿದ್ದು ಎಂದು ಕೇಳಿದರೆ ದೊರೆಯುವ ಉತ್ತರ ಒಂದೇ ಪದ: ‘ಅಣ್ಣಾ’. ಕಾಡುತ್ತಿರುವ ಯಾವನೋ ಒಬ್ಬ ಅಣ್ಣನಿಗೆ ಆಕೆ ಉತ್ತರ ಕೊಡುತ್ತಿದ್ದಾಳೆ. ಅದು ಉತ್ತರ ಎಂಬುದು ನಿಶ್ಚಯ. ಕೇಳಿದವನು ಅಲ್ಲಮ ಎಂಬುದು ವಚನದಲ್ಲಿಲ್ಲ. ಆ ಹೆಸರನ್ನು ನಮಗೆ ಒದಗಿಸುವುದು ಸಂಯೋಜಕ ವಾಕ್ಯ ಮತ್ತು ಅದರ ಹಿಂದೆ ನಿಲ್ಲಿಸಿದ ಗುಹೇಶ್ವರ ಅಂಕಿತದ ವಚನ. ಸಂಪಾದನೆಗಳಿಗಿಂತ ಬಹಳ ಹಿಂದಿನ ಹರಿಹರನ ಕಡೆಗೆ ತಿರುಗಿದರೆ, ‘ಮಹಾದೇವಿಯಕ್ಕನ ರಗಳೆ’ಯ ಕಥೆ ಉಡುತಡಿಯಿಂದ ಶ್ರೀಶೈಲದತ್ತ ಸಾಗುತ್ತದೆ, ಕಲ್ಯಾಣದ ಈ ಸಂವಾದಕ್ಕೆ ಅಲ್ಲಿ ಎಡೆಯಿಲ್ಲ. ಹರಿಹರನು ಹೇಳಲಿಲ್ಲವೆಂದ ಮಾತ್ರಕ್ಕೆ ಅದು ನಡೆಯಲಿಲ್ಲವೆಂದು ತೀರ್ಮಾನಿಸಲಾಗದು. ಅಕ್ಕನ ಅಂಕಿತವಿರುವ ಬೇರೆ ವಚನಗಳಲ್ಲಿ ಬಸವಣ್ಣ, ಚೆನ್ನಬಸವಣ್ಣ, ಪ್ರಭುದೇವರ ಹೆಸರುಗಳು ಗೌರವದಿಂದ ಬಂದಿವೆ. ಭೇಟಿ ಸಂಭಾವ್ಯ, ಆದರೆ ಈ ಪ್ರಶ್ನೆ, ಈ ಉತ್ತರ, ಈ ಅನುಕ್ರಮ ಸಂಪಾದಕರ ಜೋಡಣೆ. ನಾನು ಸಂಭಾವ್ಯವಾದದ್ದನ್ನು ಸಿದ್ಧವಾದದ್ದೆಂದು ಬರೆದೆ.

ಇದರಿಂದ ಹಾನಿಯೇನು ಎಂದು ಕೇಳಬಹುದು. ಹಾನಿ ಅಕ್ಕನಿಗೆ ಆಗಿದೆ. ಅಲ್ಲಮನ ಪ್ರಶ್ನೆಗೆ ಉತ್ತರವೆಂದು ಓದಿದಾಗ ಆ ವಚನ ಗುರುವಿನ ಪರೀಕ್ಷೆಯಲ್ಲಿ ಶಿಷ್ಯೆ ತೇರ್ಗಡೆಯಾದ ಕಥೆಯಾಗುತ್ತದೆ. ಹೆಸರಿಲ್ಲದ ಅಣ್ಣನಿಗೆ ಕೊಟ್ಟ ಉತ್ತರವೆಂದು ಓದಿದಾಗ, ದಾರಿಯಲ್ಲಿ ಎದುರಾದ ಯಾವ ಗಂಡಸಿಗೂ ಸಲ್ಲುವ ಮಾತಾಗುತ್ತದೆ. ಎರಡು ಓದುಗಳಿಗೂ ಅವಕಾಶವುಂಟು. ಒಂದನ್ನು ಮಾತ್ರ ಚರಿತ್ರೆಯೆಂದು ಸ್ಥಾಪಿಸಿದಾಗ ಇನ್ನೊಂದು ಮುಚ್ಚಿಹೋಗುತ್ತದೆ. ನನ್ನ ಪುಸ್ತಕವನ್ನು ಆಧಾರವಾಗಿಟ್ಟುಕೊಂಡ ಇಬ್ಬರು ಲೇಖಕರಿಗೆ ಅದು ಮುಚ್ಚಿಹೋಗಿತ್ತು.

4. ಲಕ್ಕಮ್ಮ ಮತ್ತು ಮಾರಯ್ಯ

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳದು. ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯವರೆಂದು ಹೇಳಲಾಗುವ ಇವರದು ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ. ಒಂದು ದಿನ ಮಾರಯ್ಯ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಮಿಕ್ಕದ್ದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳುತ್ತಾಳೆ. ಇಲ್ಲಿ ಸಂಯೋಜಕ ವಾಕ್ಯಗಳನ್ನು ಪೂರ್ತಿಯಾಗಿ ತೆಗೆದುಹಾಕಿದರೂ ಚರ್ಚೆ ಉಳಿಯುತ್ತದೆ. ಲಕ್ಕಮ್ಮನ ವಚನಗಳಲ್ಲಿ ಅಕ್ಕಿಯ ಆಸೆಯನ್ನು ಕುರಿತ ಆಕ್ಷೇಪ ನೇರವಾಗಿದೆ. ಆಕೆಯ ಅಂಕಿತವೇ ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’. ಸಂಬೋಧಿತನ ಹೆಸರು ಅಂಕಿತದ ಒಳಗೇ ನೆಲೆಸಿದೆ. ಯಾರು, ಯಾರಿಗೆ, ಯಾವುದನ್ನು ಕುರಿತು ಎಂಬ ಮೂರೂ ಅಂಶಗಳು ವಚನದಿಂದಲೇ ದೊರೆಯುತ್ತವೆ.

ಈ ಎರಡು ನಿದರ್ಶನಗಳಿಂದ ಒಂದು ತರತಮವನ್ನು ರೂಪಿಸಿಕೊಳ್ಳಬಹುದೆಂದು ನನಗೆ ತೋರುತ್ತದೆ.

ಒಂದು: ವಚನದಲ್ಲಿಯೇ ಸಂಬೋಧಿತರ ಹೆಸರು ಮತ್ತು ಚರ್ಚೆಯ ವಿಷಯ ಎರಡೂ ಇದ್ದರೆ ಅದು ಪ್ರಥಮ ದರ್ಜೆಯ ಸಾಕ್ಷ್ಯ. ಆದರೆ ‘ಸಂಗನಬಸವಣ್ಣಾ’, ‘ಚೆನ್ನಬಸವಣ್ಣಾ’ ಮೊದಲಾದ ಸಂಬೋಧನೆಗಳು ಸಂಪಾದನೆಯ ಪರಂಪರೆಯ ಪ್ರತಿಗಳಲ್ಲಿ ಮಾತ್ರ ಕಂಡು, ಅದೇ ವಚನದ ಇತರ ಪ್ರತಿಗಳಲ್ಲಿ ಕಾಣದಿದ್ದರೆ ಅವನ್ನು ಎಚ್ಚರದಿಂದ ನೋಡಬೇಕು.

ಎರಡು: ಹೆಸರಿಲ್ಲದಿದ್ದರೂ ಒಂದು ವಚನದ ವಿಷಯ, ಉಪಮೆ ಅಥವಾ ವಿಶಿಷ್ಟ ಪದ ಇನ್ನೊಬ್ಬರ ವಚನದಲ್ಲಿ ಪ್ರತಿಧ್ವನಿಸಿದರೆ ಅದು ಮಧ್ಯಮ ಸಾಕ್ಷ್ಯ. ಅಕ್ಕ ಮತ್ತು ಅಲ್ಲಮರ ಪ್ರಸಂಗ ಇಲ್ಲಿಗೆ ಸೇರುತ್ತದೆ. ಪ್ರಶ್ನೆಯ ವಚನ ಸಂಪಾದನೆಯ ಹೊರಗಿನ ಪ್ರತಿಗಳಲ್ಲಿಯೂ ಇದೆಯೆ ಎಂಬುದನ್ನು ಮೊದಲು ನೋಡತಕ್ಕದ್ದು.

ಮೂರು: ಎರಡು ವಚನಗಳನ್ನು ಕೂಡಿಸುವುದು ಸಂಯೋಜಕ ವಾಕ್ಯ ಮಾತ್ರವೇ ಆಗಿದ್ದರೆ, ಅದು ಹನ್ನೆರಡನೆಯ ಶತಮಾನದ ಚರ್ಚೆಗಲ್ಲ, ಹದಿನೈದನೆಯ ಶತಮಾನದ ಓದಿಗೆ ಸಾಕ್ಷ್ಯ. ಆ ಓದಿಗೂ ಬೆಲೆಯಿದೆ. ಆದರೆ ಅದು ಬೇರೆ ಬೆಲೆ.

ಕಲ್ಯಾಣದ ಅನುಭವಮಂಟಪದ ಚಾರಿತ್ರಿಕತೆಯನ್ನು ಕುರಿತು ನಡೆದಿರುವ ವಾದವಿವಾದಗಳನ್ನು ಇಲ್ಲಿ ಎತ್ತಿಕೊಂಡಿಲ್ಲ. ಅಂಥ ವಾದಗಳಿಗೆ ಇಳಿಯುವ ಮೊದಲು ಒಂದೊಂದು ಸಂವಾದವನ್ನೂ ಈ ಮೂರು ದರ್ಜೆಗಳಲ್ಲಿ ವಿಂಗಡಿಸಿಕೊಳ್ಳುವುದು ಅವಶ್ಯ ಎಂಬುದಷ್ಟೇ ನನ್ನ ಸೂಚನೆ.

5. ತಾರೀಖು ಎಂಬ ನಾಲ್ಕನೆಯ ಕ್ರಮ

ವಚನಸಂಗ್ರಹದ ಮೂರು ಕ್ರಮಗಳಲ್ಲಿ ಒಂದು ಕ್ರಮ ಕಾಣುವುದಿಲ್ಲ. ಯಾವ ಮಾತು ಎಂದು ನಡೆಯಿತು ಎಂಬ ಕಾಲಾನುಕ್ರಮವೇ ಅದು. ಇದು ಆ ಯುಗದ ಸಹಜ ಕೊರತೆಯೆಂದು ನಾವು ಹೇಳುವುದುಂಟು. ದಖ್ಖನ್ನಿನ ಸಾಹಿತ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹೈದರಾಬಾದಿನಲ್ಲಿ ಕನ್ನಡ, ತೆಲುಗು, ಉರ್ದು, ಫಾರಸಿ ಅಭ್ಯಾಸಗಳು ಒಂದೇ ಆವರಣದಲ್ಲಿ ನಡೆಯುವುದರಿಂದ ಈ ಹೋಲಿಕೆ ಇಲ್ಲಿಯವರಿಗೆ ಬೇಗ ಹೊಳೆಯುತ್ತದೆ.

ಸೂಫಿ ಪರಂಪರೆಯಲ್ಲಿ ಗುರುಗಳ ಗೋಷ್ಠಿಯ ಮಾತುಗಳನ್ನು ಬರೆದಿಡುವ ‘ಮಲ್‌ಫೂಜಾತ್’ ಎಂಬ ಪ್ರಕಾರವಿದೆ. ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರ ಮಾತುಗಳನ್ನು ಅಮೀರ್ ಹಸನ್ ಸಿಜ್ಜಿ 1308ರಿಂದ 1322ರವರೆಗೆ ‘ಫವಾಯಿದುಲ್ ಫುವಾದ್’ ಎಂಬ ಕೃತಿಯಲ್ಲಿ ದಾಖಲಿಸಿದನು. ಅದು ದಿನದಿನದ ಗೋಷ್ಠಿಗಳ ಕ್ರಮದಲ್ಲಿ, ತಾರೀಖುಗಳೊಡನೆ ರಚಿತವಾಗಿದೆ. ಅಮೀರ್ ಹಸನ್ ಕೊನೆಗೆ ದೌಲತಾಬಾದಿಗೆ ಬಂದು ನೆಲೆಸಿದನು. ಅವನ ಸಮಾಧಿ ಇರುವುದು ಖುಲ್ದಾಬಾದಿನಲ್ಲಿ. 1400ರ ಸುಮಾರಿಗೆ ಗುಲಬರ್ಗಾಕ್ಕೆ ಬಂದು 1422ರಲ್ಲಿ ಅಲ್ಲಿಯೇ ಕಾಲವಾದ ಖ್ವಾಜಾ ಬಂದೇನವಾಜ್ ಗೇಸೂದರಾಜರ ಮಾತುಗಳನ್ನು ಅವರ ಮಗ ಅಕ್ಬರ್ ಹುಸೈನಿ ‘ಜವಾಮಿಉಲ್ ಕಲಿಮ್’ ಎಂಬ ಹೆಸರಿನಲ್ಲಿ ಸಂಗ್ರಹಿಸಿದನು. ಶೂನ್ಯಸಂಪಾದನೆಗಳು ರೂಪುಗೊಳ್ಳತೊಡಗಿದ್ದು ಇದೇ ಶತಮಾನದಲ್ಲಿ.

ಪ್ರಭಾವದ ವಾದವನ್ನು ನಾನು ಮಂಡಿಸುತ್ತಿಲ್ಲ. ಎರಡೂ ಕಡೆ ಉದ್ದೇಶ ಒಂದೇ, ಆಡಿದ ಮಾತನ್ನು ಕಳೆದುಹೋಗದಂತೆ ಇಡುವುದು. ಮಾರ್ಗಗಳು ಬೇರೆ ಎಂಬುದು ಗಮನಾರ್ಹ. ಮಲ್‌ಫೂಜಾತ್‌ಕಾರ ಗೋಷ್ಠಿಯಲ್ಲಿ ತಾನೇ ಕುಳಿತಿದ್ದವನು. ಅವನಿಗೆ ದಿನ ಗೊತ್ತು. ಆದ್ದರಿಂದ ಒಂದು ದಿನದ ಮಾತು ಒಂದು ವಿಷಯದಿಂದ ಇನ್ನೊಂದಕ್ಕೆ ಹಾರಿದರೂ ಅವನು ಹಾಗೆಯೇ ಬಿಡಬಲ್ಲ. ಶೂನ್ಯಸಂಪಾದಕ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದ ಅನಂತರ ಬಂದವನು. ಅವನ ಬಳಿ ದಿನವಿಲ್ಲ, ಉತ್ತರಗಳು ಮಾತ್ರ ಇವೆ. ಉತ್ತರದ ಒಳಗನ್ನು ಬಗೆದು ಪ್ರಶ್ನೆಯನ್ನು ಊಹಿಸುವುದೇ ಅವನಿಗೆ ಉಳಿದ ದಾರಿ. ಮೊದಲನೆಯವನದು ದಾಖಲೆ, ಎರಡನೆಯವನದು ವಿಮರ್ಶೆ. ಶೂನ್ಯಸಂಪಾದನೆಯನ್ನು ದಾಖಲೆಯೆಂದು ಓದುವುದು ಹೇಗೆ ತಪ್ಪೋ, ಕನ್ನಡದ ದೊಡ್ಡ ವಿಮರ್ಶಾ ಕೃತಿಗಳಲ್ಲಿ ಅದನ್ನು ಎಣಿಸದಿರುವುದೂ ಹಾಗೆಯೇ ತಪ್ಪು.

ಶರಣರ ಸಂಗತಿಗಳನ್ನು ಪರಿಶೀಲಿಸಲು ಸಂಪಾದನೆಗಳ ಹೊರಗಿನ ಸಾಕ್ಷ್ಯಗಳಲ್ಲಿ ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣಮು’ ಮುಖ್ಯವಾದದ್ದು. ಅದು ನಾಲ್ಕು ಸಂಪಾದನೆಗಳಿಗಿಂತಲೂ ಹಿಂದಿನದು; ಅದನ್ನು ಅನುಸರಿಸಿ ಭೀಮಕವಿ ಕನ್ನಡದಲ್ಲಿ ‘ಬಸವಪುರಾಣ’ವನ್ನು ರಚಿಸಿದ್ದು 1369ರಲ್ಲಿ. ಸಂಪಾದನೆಯಲ್ಲಿ ಕಾಣುವ ಒಂದು ಪ್ರಸಂಗ ಹರಿಹರನಲ್ಲಿ ಹೇಗಿದೆ, ಸೋಮನಾಥನಲ್ಲಿ ಹೇಗಿದೆ ಎಂದು ಕೇಳದೆ ಮುಂದುವರಿಯುವುದು ಇನ್ನು ಸಾಧುವಲ್ಲ.

6. ನಮ್ಮ ಕಾಲದ ಸಂಗ್ರಹಗಳು

ಆಧುನಿಕ ಸಂಪಾದಕರು ಮಾಡಿದ್ದೇನು? 1923ರಲ್ಲಿ ಪ್ರಕಟವಾದ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ವಿಷಯಾನುಕ್ರಮದ್ದು. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನಸಾಹಿತ್ಯದ 15 ಸಂಪುಟಗಳು ವಚನಕಾರರ ಕ್ರಮದವು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಒಂದೆಡೆ ತಂದ ಈ ಯೋಜನೆಗೆ ಕನ್ನಡ ಸಂಶೋಧನೆ ಋಣಿಯಾಗಿದೆ. ಆದರೂ ಒಂದು ಪರಿಣಾಮವನ್ನು ಹೇಳಲೇಬೇಕು. ಶರಣೆಯರ ವಚನಗಳಿಗೆ ಒಂದು ಪ್ರತ್ಯೇಕ ಸಂಪುಟವಿದೆ, ಲಕ್ಕಮ್ಮ ಅಲ್ಲಿದ್ದಾಳೆ. ಮಾರಯ್ಯ ಸಂಕೀರ್ಣ ವಚನಗಳ ಸಂಪುಟದಲ್ಲಿದ್ದಾನೆ. ಒಂದೇ ಮನೆಯಲ್ಲಿ, ಒಂದೇ ಅಕ್ಕಿಯ ಮುಂದೆ ನಡೆದ ಮಾತುಕತೆ ಎರಡು ರಟ್ಟುಗಳ ನಡುವೆ ಹಂಚಿಹೋಗಿದೆ. ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರ ಸ್ಥಿತಿಯೂ ಇದೇ. ಹದಿನೈದನೆಯ ಶತಮಾನದವರು ಕೂಡಿಸಿದ್ದನ್ನು ಇಪ್ಪತ್ತನೆಯ ಶತಮಾನದವರು ಬಿಡಿಸಿದರು. ಪಾಠಶೋಧನೆಗೆ ಅದು ಅಗತ್ಯವಾಗಿತ್ತು. ಆದರೆ ಬಿಡಿಸಿದವರು ಎಲ್ಲಿ ಬಿಡಿಸಿದೆವೆಂಬ ಗುರುತನ್ನು ಪ್ರತಿಯೊಂದು ವಚನದ ಕೆಳಗೂ ಇಡಬೇಕಾಗಿತ್ತು.

ಈಗ ಈ ಸಾಹಿತ್ಯ ಗಣಕಯಂತ್ರಕ್ಕೂ ಏರಿದೆ. ‘ವಚನ ಸಂಚಯ’ದಂಥ ಯೋಜನೆಗಳಿಂದಾಗಿ ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆ ಎಂಬುದು ಕ್ಷಣದಲ್ಲಿ ತಿಳಿಯುತ್ತದೆ. ನಮ್ಮ ಕಾಲದಲ್ಲಿ ಇದಕ್ಕೆ ತಿಂಗಳುಗಟ್ಟಲೆ ಚೀಟಿ ಬರೆಯಬೇಕಾಗಿತ್ತು. ಆದರೆ ಪದ ಸಿಕ್ಕುವುದು ಬೇರೆ, ಚರ್ಚೆ ಸಿಕ್ಕುವುದು ಬೇರೆ. ಮೊದಲನೆಯದಾಗಿ ಪದವೇ ಒಂದು ರೂಪದಲ್ಲಿ ನಿಲ್ಲುವುದಿಲ್ಲ. ಗುಹೇಶ್ವರ, ಗೊಹೇಶ್ವರ, ಚೆನ್ನ, ಚನ್ನ, ಶಕಟರೇಫೆಯ ‘ಅಱಿವು’, ಇಂದಿನ ‘ಅರಿವು’. ಸಂಧಿಯಲ್ಲಿ ಪದದ ಮೊದಲಕ್ಷರವೇ ಮರೆಯಾಗಬಹುದು. ಹಳೆಯ ಅಕ್ಷರವಿನ್ಯಾಸಗಳಿಂದ ಯೂನಿಕೋಡಿಗೆ ಪಠ್ಯವನ್ನು ಬದಲಿಸುವಾಗ ಅರ್ಕಾವೊತ್ತು ಸ್ಥಾನಪಲ್ಲಟವಾಗಿ ‘ಅರ್ಥ’ ಎಂಬುದು ‘ಅಥ್ರ’ ಎಂದಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಅರ್ಥವನ್ನು ಹುಡುಕಿದವರಿಗೆ ಅದು ದೊರೆಯುವುದಿಲ್ಲ. ಎರಡನೆಯದಾಗಿ, ಉತ್ತರದಲ್ಲಿ ಪ್ರಶ್ನೆಯ ಪದ ಇರಲೇಬೇಕೆಂಬ ನಿಯಮವಿಲ್ಲ. ಕೂದಲನ್ನು ಕುರಿತು ಕೇಳಿದರೆ ಅಕ್ಕ ಹಣ್ಣನ್ನು ಕುರಿತು ಹೇಳುತ್ತಾಳೆ. ‘ಕೂದಲು’ ಎಂದು ಹುಡುಕಿದವರಿಗೆ ಈ ಉತ್ತರ ಕೈತಪ್ಪಬಹುದು. ಈ ಎರಡನ್ನು ಒಂದರ ಪಕ್ಕದಲ್ಲಿ ಒಂದು ಇಡಲು ಓದಿದ ಮನಸ್ಸು ಬೇಕು. ಆ ಕೆಲಸವನ್ನು ಮಾಡಿದವನು ಶೂನ್ಯಸಂಪಾದಕ.

ಅಂಕಿತವೆಂಬ ಗುರುತು ಎಷ್ಟು ಸೂಕ್ಷ್ಮವಾದದ್ದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ಸಾಕ್ಷಿಯಿದೆ. ಬಸವಣ್ಣನ ವಚನಗಳಲ್ಲಿ ಕೂಡಲಸಂಗಮದೇವ ಎಂಬುದರ ಬದಲು ಲಿಂಗದೇವ ಎಂದು ಮುದ್ರಿಸಿದ ‘ಬಸವ ವಚನ ದೀಪ್ತಿ’ಯನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ನಿಷೇಧಿಸುವುದು ಯುಕ್ತವೆ ಎಂಬುದು ಬೇರೆ ವಿಚಾರ. ಹುಡುಕುವವನ ದೃಷ್ಟಿಯಿಂದ ಹೇಳುವುದಾದರೆ, ಅಂಕಿತ ಬದಲಾದರೆ ಮಾತು ತನ್ನ ಸಂವಾದದಿಂದ ಕಳಚಿಬೀಳುತ್ತದೆ. ಅದಕ್ಕೆ ಉತ್ತರ ಕೊಟ್ಟವರು ಯಾರಿಗೆ ಉತ್ತರ ಕೊಟ್ಟರೆಂಬುದೇ ತಿಳಿಯದಾಗುತ್ತದೆ.

ಶರಣರ ಚರ್ಚೆಗಳ ಗತಿ ಇದಾದರೆ, ಶರಣರನ್ನು ಕುರಿತ ನಮ್ಮ ಚರ್ಚೆಗಳ ಗತಿ ಇದಕ್ಕಿಂತ ಉತ್ತಮವಾಗಿಲ್ಲ. ವಚನಗಳಿಗೂ ಜಾತಿವ್ಯವಸ್ಥೆಗೂ ಇರುವ ಸಂಬಂಧವನ್ನು ಕುರಿತು 2013ರಲ್ಲಿ ‘ಪ್ರಜಾವಾಣಿ’ಯ ಪುಟಗಳಲ್ಲಿ ದೀರ್ಘವಾದ ವಾಗ್ವಾದ ನಡೆಯಿತು. ಇಂದು ಅದನ್ನು ಉಲ್ಲೇಖಿಸುವವರಲ್ಲಿ ಅನೇಕರು ಒಂದು ಪಕ್ಷದ ಒಂದು ಲೇಖನವನ್ನು ಮಾತ್ರ ಓದಿದವರು. ಪರಿಷತ್ಪತ್ರಿಕೆ, ಪ್ರಬುದ್ಧ ಕರ್ಣಾಟಕಗಳ ಕಾಲದಿಂದಲೂ ನಮ್ಮ ವಿದ್ವತ್ತು ಬೆಳೆದದ್ದು ಆಕ್ಷೇಪ ಮತ್ತು ಸಮಾಧಾನಗಳ ಮೂಲಕ. ಲೇಖಕಸೂಚಿ, ವಿಷಯಸೂಚಿಗಳು ಇದ್ದ ಮಾತ್ರಕ್ಕೆ ಯಾವ ಲೇಖನ ಯಾವುದಕ್ಕೆ ಉತ್ತರ ಎಂಬುದು ತಿಳಿಯುವುದಿಲ್ಲ. ಅದು ತಿಳಿಯದೆ ಹೋದಾಗ ತೀರಿದ ವಾದವನ್ನು ಹೊಸತೆಂದು ಎತ್ತುತ್ತೇವೆ. ಖಂಡಿತವಾದ ಮತವನ್ನು ಆಧಾರವೆಂದು ಉದ್ಧರಿಸುತ್ತೇವೆ. ನನ್ನ ತಪ್ಪು ಎರಡು ಲೇಖನಗಳಲ್ಲಿ ಪ್ರಮಾಣವಾಗಿ ನಿಂತದ್ದು ಹೀಗೆಯೇ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಕರ್ತವ್ಯಗಳು ಹೊರಡುತ್ತವೆ. ಮುಂದಿನ ವಚನಸಂಪುಟಗಳಲ್ಲಿ, ಅವು ಮುದ್ರಣದಲ್ಲಿರಲಿ ಗಣಕದಲ್ಲಿರಲಿ, ಒಂದೊಂದು ವಚನದ ಜೊತೆಗೂ ಅದು ನಾಲ್ಕು ಸಂಪಾದನೆಗಳಲ್ಲಿ ಯಾವುದರಲ್ಲಿ, ಯಾರ ಮಾತಿಗೆ ಮುಂಚೆ ಮತ್ತು ಯಾರ ಮಾತಿನ ಅನಂತರ ಬಂದಿದೆ ಎಂಬ ಸೂಚನೆ ಇರಬೇಕು. ಸಂಯೋಜಕ ವಾಕ್ಯವನ್ನು ವಚನದ ಭಾಗವೆಂಬಂತೆ ಉದ್ಧರಿಸುವುದನ್ನು ನಿಲ್ಲಿಸಬೇಕು. ಇನ್ನೊಂದು ಕರ್ತವ್ಯ ಲೇಖಕರದು: ತಮ್ಮ ಲೇಖನ ಯಾವ ಲೇಖನಕ್ಕೆ ಉತ್ತರ ಎಂಬುದನ್ನು ಮೊದಲಲ್ಲೇ ಹೇಳುವುದು, ತಪ್ಪಾಗಿದ್ದರೆ ಅದನ್ನು ತಪ್ಪು ನಡೆದಷ್ಟೇ ಬಹಿರಂಗವಾಗಿ ತಿದ್ದುವುದು.

‘ಸಂಪಾದನೆ’ ಎಂಬ ಪದ ಇಂದು ನಮಗೆ ಗ್ರಂಥವನ್ನು ಪರಿಷ್ಕರಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ಶೂನ್ಯಸಂಪಾದನೆ ಎಂಬಲ್ಲಿ ಅದಕ್ಕೆ ಗಳಿಸುವುದು, ಪಡೆದುಕೊಳ್ಳುವುದು ಎಂಬ ಅರ್ಥ. ಚರ್ಚೆಗಳ ಮಟ್ಟಿಗೆ ಈ ಎರಡು ಅರ್ಥಗಳೂ ಒಂದಾಗುತ್ತವೆ. ಕ್ರಮಪಡಿಸದೆ ಅವು ದಕ್ಕುವುದಿಲ್ಲ. ಕ್ರಮಪಡಿಸಿದವರು ಯಾರೆಂದು ತಿಳಿಯದೆ ದಕ್ಕಿಸಿಕೊಂಡರೆ ಅವು ನಮ್ಮನ್ನು ತಪ್ಪುದಾರಿಗೆ ಎಳೆಯುತ್ತವೆ. ನನ್ನ ಪುಸ್ತಕದಲ್ಲಿ ‘ಅಲ್ಲಮನ ಪ್ರಶ್ನೆಗೆ ಅಕ್ಕನು ಕೊಟ್ಟ ಉತ್ತರ’ ಎಂದಿರುವಲ್ಲಿ ‘ಅಲ್ಲಮನ ಪ್ರಶ್ನೆಗೆ ಉತ್ತರವೆಂದು ಸಂಪಾದಕರು ಇರಿಸಿದ ಅಕ್ಕನ ವಚನ’ ಎಂದು ಓದುಗರು ತಿದ್ದಿಕೊಳ್ಳಬೇಕು. ಪರೀಕ್ಷಕರು ಅಂದು ಕೇಳಿದ ಪ್ರಶ್ನೆಗೆ ನನ್ನ ಬಳಿ ಈಗ ಇರುವ ಉತ್ತರ ಇಷ್ಟೇ.